ಬಸ್ ಪಾಸ್ ನಡೆಯಿತು, ಕಾಲೇಜ್ ಕಾರ್ಡ್ ನಡೆಯಲಿಲ್ಲ

ಇಂಗ್ಲೆಂಡಿನಲ್ಲಿ ನನಗೆ ಓಟು ಇದೆ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ನನ್ನದು ಭಾರತದ ಪಾಸ್‌ಪೋರ್ಟೇ. ಆದರೆ ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ವೀಸಾ ಮೇಲೆ ಇಲ್ಲಿ ನೆಲೆಸಿರುವ ನಮ್ಮಂಥವರೂ ಹೆಸರು ನೋಂದಾಯಿಸಿದರೆ ಪಾರ್ಲಿಮೆಂಟ್ ಚುನಾವಣೆಗೂ ಮತ ಹಾಕಬಹುದು.

ಲೆಸ್ಟರ್‌ಗೆ ಬಂದ ಹೊಸದರಲ್ಲಿ ಬರಿಗೈಯಲ್ಲೇ ಬೂತ್‌ಗೆ ಹೋಗಿದ್ದೆ. ಹೆಸರು, ವಿಳಾಸ ಹೇಳಿದೆ. ಪಟ್ಟಿಯಲ್ಲಿ ಗೆರೆ ಎಳೆದು ಚೀಟಿ ಕೊಟ್ಟರು. ಪೆನ್ಸಿಲ್‌ನಲ್ಲಿ ಗುರುತು ಹಾಕಿ ಪೆಟ್ಟಿಗೆಗೆ ಹಾಕಿದೆ. ಬೆರಳಿಗೆ ಶಾಯಿಯೂ ಇಲ್ಲ! ಹಾಸನದಲ್ಲಿ ಏಜೆಂಟರು ಪಟ್ಟಿ ಹಿಡಿದು ಮುಖ ಮುಖ ನೋಡುವುದನ್ನು ಕಂಡು ಬೆಳೆದವಳು ನಾನು. ನನಗಿಂತ ಮೊದಲು ಇನ್ಯಾರೋ ಬಂದು ನನ್ನ ಹೆಸರು ಹೇಳಿದ್ದರೆ ಏನು ಗತಿ ಅನ್ನಿಸಿತು.

ಅದಕ್ಕೇ 2022ರ ಹೊಸ ಕಾನೂನು ಬಂದಾಗ ಒಳ್ಳೆಯದೇ ಆಯ್ತು ಅಂದುಕೊಂಡೆ. ಇನ್ನು ಬೂತ್‌ನಲ್ಲಿ ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು. ಉತ್ತರ ಐರ್ಲೆಂಡ್‌ನಲ್ಲಿ 2003ರಿಂದಲೇ ಈ ಪದ್ಧತಿ ಇದೆ. ಇಂಗ್ಲೆಂಡ್‌ನ ಸ್ಥಳೀಯ ಚುನಾವಣೆಗಳಿಗೆ ಅದು ಬಂದದ್ದು 2023ರ ಮೇ 4ರಂದು.

ಅವತ್ತು ಪಕ್ಕದ ಮನೆಯ ಅಜ್ಜಿ, ಅವರ ಮೊಮ್ಮಗಳ ಜೊತೆ ಹೋದೆ. ಹುಡುಗಿಗೆ ಆಗಷ್ಟೇ 18 ತುಂಬಿತ್ತು, ಮೊದಲ ಓಟು. ನಾನು ಭಾರತದ ಪಾಸ್‌ಪೋರ್ಟ್ ತೋರಿಸಿದೆ, ನಡೆಯಿತು. ಅಜ್ಜಿ ಹಿರಿಯರ ಬಸ್ ಪಾಸ್ ತೋರಿಸಿದರು, ಅದೂ ನಡೆಯಿತು. ಹುಡುಗಿ ಫೋಟೊ ಇರುವ ಕಾಲೇಜ್ ಕಾರ್ಡ್ ತೋರಿಸಿದಳು. ಆಗುವುದಿಲ್ಲ ಅಂದರು. ರೈಲಿನ ರಿಯಾಯಿತಿ ಕಾರ್ಡ್? ಅದೂ ಅವರು ಒಪ್ಪುವ ಕಾರ್ಡ್‌ಗಳ ಪಟ್ಟಿಯಲ್ಲಿಲ್ಲ. ಅವಳ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ, ಡ್ರೈವಿಂಗ್ ಲೈಸೆನ್ಸೂ ಇರಲಿಲ್ಲ. ಈ ದೇಶದಲ್ಲೇ ಹುಟ್ಟಿದ ಹುಡುಗಿ ವಾಪಸ್ ನಡೆದಳು, ವೀಸಾ ಮೇಲೆ ಬಂದ ನಾನು ಒಳಗೆ ನಿಂತಿದ್ದೆ. ಅವಳ ಮುಖ ನೋಡಲಾಗಲಿಲ್ಲ.

ಆರು ದಿನ ಕಳೆದು, ಮೇ 10ಕ್ಕೆ, ಕರ್ನಾಟಕದಲ್ಲಿ ವಿಧಾನಸಭೆ ಚುನಾವಣೆ. ಅಮ್ಮ ಫೋನ್‌ನಲ್ಲಿ ಶಾಯಿ ಹಚ್ಚಿದ ಬೆರಳು ತೋರಿಸಿದಳು. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಕಾಲದಲ್ಲಿ, 1993ರಲ್ಲಿ, ಮತದಾರರ ಗುರುತಿನ ಚೀಟಿ ಶುರುವಾಯಿತು. ಅಮ್ಮನದು ಅದರ ನಂತರ ಮಾಡಿಸಿದ ಮಸುಕು ಫೋಟೊದ್ದು. ಅದು ಕಳೆದುಹೋದರೂ ಆಧಾರ್ ನಡೆಯುತ್ತದೆ, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ನಡೆಯುತ್ತದೆ, ಉದ್ಯೋಗ ಖಾತ್ರಿ ಕಾರ್ಡ್ ಕೂಡ ನಡೆಯುತ್ತದೆ. ಬಡವರ ಮನೆಯಲ್ಲಿ ಏನಿರುತ್ತದೆ ಅಂತ ಯಾರೋ ಕೂತು ಯೋಚಿಸಿದ್ದಾರೆ, ಅಲ್ವಾ?

ಇಲ್ಲಿ ಎಲ್ಲರಿಗೂ ಅಂತ ಒಂದು ಗುರುತಿನ ಕಾರ್ಡೇ ಇಲ್ಲ. ಯುದ್ಧಕಾಲದ ಕಾರ್ಡನ್ನು 1952ರಲ್ಲಿ ಕೈಬಿಟ್ಟರು. 2006ರಲ್ಲಿ ಮತ್ತೆ ಕಾನೂನು ತಂದು, ಕೆಲವೇ ವರ್ಷಗಳಲ್ಲಿ ರದ್ದು ಮಾಡಿದರು. ಸರ್ಕಾರ ತಮ್ಮ ಮೇಲೆ ಕಣ್ಣಿಡುತ್ತದೆ ಎಂಬ ಅಂಜಿಕೆ ಜನರಿಗೆ ಜಾಸ್ತಿ. ಅಂಥ ಕಡೆ ಬಾಗಿಲಲ್ಲಿ ಕಾರ್ಡ್ ಕೇಳಿದರೆ ಇಲ್ಲದವರು ಎಲ್ಲಿಂದ ತರಬೇಕು? ಆ ಮೇ 4ರಂದು ಸುಮಾರು 14,000 ಜನ ಬೂತ್‌ವರೆಗೆ ಬಂದು, ಕಾರ್ಡ್ ಇಲ್ಲದೆ ಹೋಗಿ, ಮತ್ತೆ ಬರಲೇ ಇಲ್ಲ. 2019ರ ಇಡೀ ವರ್ಷದಲ್ಲಿ ಬೇರೆಯವರ ಹೆಸರಲ್ಲಿ ಬೂತ್‌ನಲ್ಲಿ ಓಟು ಹಾಕಿದ ಬಗ್ಗೆ ಬಂದ ದೂರುಗಳು 33. ಎರಡೂ ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನನ್ನ ಮೊದಲಿನ ಖುಷಿ ಉಳಿಯಲಿಲ್ಲ.

ಫೋಟೊ ಕೇಳುವುದೇ ತಪ್ಪು ಅಂತ ನಾನು ಈಗಲೂ ಹೇಳುವುದಿಲ್ಲ. ಕೇಳುವ ಮೊದಲು ಪ್ರತಿಯೊಬ್ಬರ ಕೈಗೂ ಒಂದು ಕಾರ್ಡ್ ತಲುಪಿಸಿ ಅನ್ನುತ್ತೇನೆ. ಉಚಿತವಾಗಿ ಕೊಡುವ ಮತದಾರರ ಪ್ರಮಾಣಪತ್ರ ಇಲ್ಲೂ ಇದೆ, ಆದರೆ ಅದನ್ನು ನಾವೇ ಅರ್ಜಿ ಹಾಕಿ ಪಡೆಯಬೇಕು, ಅದೂ ಮತದಾನಕ್ಕೆ ಆರು ಕೆಲಸದ ದಿನ ಇರುವಾಗಲೇ. ಆ ಹುಡುಗಿಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. ನನಗೂ ಹೇಳಬೇಕೆಂದು ಹೊಳೆದಿರಲಿಲ್ಲ, ಆ ಬೇಸರ ಇನ್ನೂ ಇದೆ.

ಆಮೇಲೆ ನಮ್ಮ ಅಡುಗೆಮನೆ ಮೇಜಿನ ಮುಂದೆ ಕೂತು ಅವಳ ಅರ್ಜಿ ತುಂಬಿದೆವು. ಬಿಳಿ ಗೋಡೆ ಮುಂದೆ ನಿಲ್ಲಿಸಿ ಫೋಟೊ ನಾನೇ ತೆಗೆದೆ. ಕೆಲವು ದಿನಕ್ಕೆ ಒಂದು ಹಾಳೆ ಅಂಚೆಯಲ್ಲಿ ಬಂತು. 2024ರ ಜುಲೈ 4ಕ್ಕೆ ಪಾರ್ಲಿಮೆಂಟ್ ಚುನಾವಣೆ. ಬೂತ್ ತೆರೆಯುವುದು ಬೆಳಗ್ಗೆ ಏಳಕ್ಕೆ. ಆರೂ ಮುಕ್ಕಾಲಿಗೇ ಆ ಹಾಳೆ ಮಡಿಸಿ ಹಿಡಿದು ಅವಳು ನಮ್ಮ ಬಾಗಿಲು ತಟ್ಟಿದಳು.