ಮರ್ಸೆಡ್ ನದಿಯ ಮೆಟ್ಟಿಲುಗಳಲ್ಲಿ ಒಂದು ಮಣ್ಣಿನ ಪಯಣ

ಕ್ಯಾಲಿಫೋರ್ನಿಯದ ಮಧ್ಯ ಕಣಿವೆಯಲ್ಲಿ 99ನೇ ಹೆದ್ದಾರಿ ಹಿಡಿದು ಹೋಗುವವರಿಗೆ ನೆಲವೆಲ್ಲ ಒಂದೇ ಸಮನಾಗಿ ಕಾಣುತ್ತದೆ. ಲಿವಿಂಗ್‌ಸ್ಟನ್ ಊರಿನ ಬಳಿ ಹೆದ್ದಾರಿ ಬಿಟ್ಟು, ಮರ್ಸೆಡ್ ನದಿಯ ಗುಂಟ ಪೂರ್ವಕ್ಕೆ, ಸಿಯೆರಾ ನೆವಾಡ ಬೆಟ್ಟಗಳತ್ತ ತಿರುಗಿದರೆ ಆ ಸಮತಟ್ಟು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿಕೊಳ್ಳತೊಡಗುತ್ತದೆ. ಒಂದೊಂದು ಮೆಟ್ಟಿಲೂ ಹಿಂದೊಮ್ಮೆ ನದಿ ಹರಿದ ಬಯಲು. ಹಿಮಯುಗ ಬಂದಾಗಲೆಲ್ಲ ಬೆಟ್ಟದ ಹಿಮನದಿಗಳು ಗ್ರಾನೈಟನ್ನು ಅರೆದು ಮರಳಾಗಿಸಿ ಕಣಿವೆಗೆ ಕಳಿಸಿದವು. ಆಮೇಲೆ ನದಿ ತನ್ನದೇ ಹಾಸನ್ನು ಕೊರೆದು ಕೆಳಗಿಳಿಯಿತು, ಹಳೆಯ ಬಯಲು ಎತ್ತರದಲ್ಲೇ ಉಳಿಯಿತು. ಹೀಗಾಗಿ ಇಲ್ಲಿ ಮೇಲೆ ಹತ್ತಿದಷ್ಟೂ ಮಣ್ಣು ಹಳೆಯದು. ಪಶ್ಚಿಮಕ್ಕೆ ಹೋದಂತೆ ಹಳೆಯ ಪದರಗಳನ್ನು ಹೊಸ ಮೆಕ್ಕಲು ಮುಚ್ಚಿಬಿಟ್ಟಿದೆ. ಹೆದ್ದಾರಿಯಿಂದ ಮೆಟ್ಟಿಲು ಕಾಣದಿರುವುದು ಅದಕ್ಕೇ.

ಲಿವಿಂಗ್‌ಸ್ಟನ್ ಸುತ್ತಲಿನದು ಗಾಳಿ ಹೊತ್ತು ತಂದ ಮರಳು. ಸಿಹಿಗೆಣಸಿಗೆ ಹೇಳಿ ಮಾಡಿಸಿದ ನೆಲ. ಗೆಡ್ಡೆ ಅಡ್ಡಿಯಿಲ್ಲದೆ ಬೆಳೆಯುತ್ತದೆ, ಕೀಳುವಾಗ ಸಿಪ್ಪೆ ಸುಲಿಯುವುದಿಲ್ಲ. ಆದರೆ ಇದು ಅತಿಯಾಗಿ ಬಸಿಯುವ ಮಣ್ಣು, ಬೇಸಿಗೆಯಲ್ಲಿ ನೀರು ಕೊಟ್ಟಷ್ಟೂ ಸಾಲದು.

ನದಿಯ ಮಗ್ಗುಲಿನ ಕೆಳಮೆಟ್ಟಿಲಿಗೆ ಬಂದರೆ ಕಣಿವೆಯ ಅತ್ಯುತ್ತಮ ತೋಟದ ನೆಲ ಸಿಗುತ್ತದೆ. ಭೂವಿಜ್ಞಾನಿಗಳು ಇದನ್ನು ಮೊಡೆಸ್ಟೊ ಪದರ ಎನ್ನುತ್ತಾರೆ. ವಯಸ್ಸು ಕೆಲವು ಹತ್ತು ಸಾವಿರ ವರ್ಷ ಮಾತ್ರ. ಮಣ್ಣಿನ ನಕ್ಷೆಯಲ್ಲಿ ಇದಕ್ಕೆ ಹ್ಯಾನ್‌ಫರ್ಡ್, ಗ್ರೀನ್‌ಫೀಲ್ಡ್ ಎಂಬ ಹೆಸರುಗಳಿವೆ. ತಿಳಿ ಕಂದು ಬಣ್ಣದ, ಅಭ್ರಕದ ಚೂರು ಮಿನುಗುವ ಮರಳುಗೋಡು. ಗುಂಡಿ ತೋಡಿದರೆ ಒಂದೂವರೆ ಮೀಟರಿನವರೆಗೂ ಬೇರಿಗೆ ತಡೆಯಿಲ್ಲ. ಹಿಡಿ ಮಣ್ಣನ್ನು ಒದ್ದೆ ಮಾಡಿ ಹಿಸುಕಿದರೆ ಉಂಡೆ ಕಟ್ಟುತ್ತದೆ. ಅದನ್ನೇ ಹೆಬ್ಬೆರಳಿನಿಂದ ಒತ್ತಿ ಪಟ್ಟಿ ಎಳೆಯಹೋದರೆ ಎರಡು ಸೆಂಟಿಮೀಟರ್ ದಾಟುವ ಮೊದಲೇ ಮುರಿಯುತ್ತದೆ. ಗ್ರೀನ್‌ಫೀಲ್ಡ್ ಸ್ವಲ್ಪ ಹಳೆಯದಾದ್ದರಿಂದ ಕೆಳಪದರದಲ್ಲಿ ಜೇಡಿ ತುಸು ಕೂಡಿಕೊಂಡಿರುತ್ತದೆ, ನೀರನ್ನು ಇನ್ನಷ್ಟು ಹೊತ್ತು ಹಿಡಿಯುತ್ತದೆ.

ಬಾದಾಮಿ, ಪೀಚ್, ದ್ರಾಕ್ಷಿ ಎಲ್ಲವೂ ಇಲ್ಲಿ ಸುಖವಾಗಿವೆ. ಲೆಕ್ಕ ನೋಡಿದರೆ ಕಾರಣ ತಿಳಿಯುತ್ತದೆ. ಮರಳುಗೋಡು ಮೀಟರಿಗೆ ಸುಮಾರು 120 ಮಿ.ಮೀ. ನೀರನ್ನು ಗಿಡಕ್ಕೆ ಸಿಗುವಂತೆ ಹಿಡಿದಿಡುತ್ತದೆ. ಒಂದೂವರೆ ಮೀಟರ್ ಬೇರಿನ ಆಳಕ್ಕೆ ಅದು 180 ಮಿ.ಮೀ. ಅದರಲ್ಲಿ ಅರ್ಧ ಖರ್ಚಾಗುವ ಹೊತ್ತಿಗೆ ಮತ್ತೆ ನೀರುಣಿಸಬೇಕು. ಜುಲೈ ಬಿಸಿಲಿಗೆ ತೋಟ ದಿನಕ್ಕೆ 7 ಮಿ.ಮೀ.ನಷ್ಟು ಕುಡಿದರೆ 12 ದಿನಗಳ ಸಂಗ್ರಹ. ಕೊಡಬೇಕಾದ ಎಚ್ಚರ ಗೊಬ್ಬರದ್ದು. ಚೆನ್ನಾಗಿ ಬಸಿಯುವ ಈ ಮಣ್ಣಿನಲ್ಲಿ ನೈಟ್ರೇಟ್ ನೀರಿನ ಜೊತೆಗೇ ಇಳಿದು ಅಂತರ್ಜಲ ಸೇರುತ್ತದೆ. ಕಣಿವೆಯ ಎಷ್ಟೋ ಬಾವಿಗಳಲ್ಲಿ ಇದು ಇಂದಿನ ದೊಡ್ಡ ಸಮಸ್ಯೆ. ಸಾರಜನಕವನ್ನು ಒಂದೇ ಕಂತಿನಲ್ಲಿ ಸುರಿಯದೆ, ಹನಿ ನೀರಾವರಿಯಲ್ಲಿ ಸಣ್ಣ ಸಣ್ಣ ಪಾಲಾಗಿ ಕೊಡುವುದೇ ಸರಿ.

ಇಂಥ ಮಣ್ಣಿನಲ್ಲೂ ನೀರು ಮೇಲೆಯೇ ನಿಂತುಬಿಡುವ ತೋಟಗಳು ದಾರಿಯಲ್ಲಿ ಕಾಣುತ್ತವೆ. ದೋಷ ಕೆಳಗಿನ ಮಣ್ಣಿನದಲ್ಲ, ನೀರಿನದು. ಬೆಟ್ಟದ ಹಿಮ ಕರಗಿ ಬರುವ ಕಾಲುವೆ ನೀರಿನಲ್ಲಿ ಲವಣವೇ ಇಲ್ಲವೆನ್ನುವಷ್ಟು ಕಡಿಮೆ. ಅಂಥ ನೀರು ಬಿದ್ದಾಗ ಮೇಲ್ಮಣ್ಣಿನ ಜೇಡಿಕಣಗಳು ಒಂದನ್ನೊಂದು ಬಿಟ್ಟು ಚದುರಿ, ಸಣ್ಣ ರಂಧ್ರಗಳನ್ನು ಮುಚ್ಚಿ, ತೆಳುವಾದ ಹೆಪ್ಪು ಕಟ್ಟುತ್ತವೆ. ಜಿಪ್ಸಂ ಹಾಕಿದರೆ ಕ್ಯಾಲ್ಸಿಯಂ ಸೇರಿ ಕಣಗಳು ಮತ್ತೆ ಕೂಡಿಕೊಳ್ಳುತ್ತವೆ. ಸಾಲಿನ ನಡುವೆ ಹುಲ್ಲು ಬೆಳೆಸಿದರೂ ಗುಣ ಕಾಣುತ್ತದೆ.

ನದಿಯ ದಡದಲ್ಲೇ ಸಾಗಿದರೆ ಸ್ನೆಲಿಂಗ್. ಊರಿನ ಆಚೀಚೆ ಉರುಟು ಕಲ್ಲುಗಳ ಸಾಲು ಸಾಲು ದಿಬ್ಬಗಳಿವೆ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಚಿನ್ನಕ್ಕಾಗಿ ನದಿಬಯಲನ್ನು ಯಂತ್ರಗಳು ಬಗೆದು ಬಿಟ್ಟುಹೋದ ರಾಶಿ ಅವು. ಸಣ್ಣ ಮಣ್ಣು ಕೆಳಗೆ, ಕಲ್ಲು ಮೇಲೆ. ಒಳ್ಳೆಯ ಮೆಕ್ಕಲು ನೆಲ ಹೀಗೆ ತಲೆಕೆಳಗಾದದ್ದನ್ನು ನೋಡಿದರೆ ಸಂಕಟವಾಗುತ್ತದೆ.

ಇಲ್ಲಿಂದ 59ನೇ ರಸ್ತೆ ದಕ್ಷಿಣಕ್ಕೆ, ಮರ್ಸೆಡ್ ನಗರದ ಕಡೆ ಏರುತ್ತದೆ. ಏರುದಾರಿಯಲ್ಲೇ ಮಣ್ಣಿನ ಬಣ್ಣ ಬದಲಾಗುತ್ತದೆ. ರಿವರ್‌ಬ್ಯಾಂಕ್ ಪದರದ ಮೆಟ್ಟಿಲು ಒಂದು ಲಕ್ಷ ವರ್ಷಕ್ಕೂ ಹಳೆಯದು. ಟರ್ಲಾಕ್ ಲೇಕ್ ಪದರದ್ದು ಸುಮಾರು ಆರು ಲಕ್ಷ ವರ್ಷ. ಅಷ್ಟು ಕಾಲದ ಬಿಸಿಲು ಮಳೆಗೆ ಕಬ್ಬಿಣ ಆಕ್ಸೈಡಾಗಿ ಮಣ್ಣು ಕೆಂಪಾಗಿದೆ. ರಿವರ್‌ಬ್ಯಾಂಕ್ ಮೆಟ್ಟಿಲಿನ ಹೆಸರಾಂತ ಮಣ್ಣೇ ಸ್ಯಾನ್ ವಾಕೀನ್. 1900ರಿಂದ ಇದೇ ಹೆಸರಿನಲ್ಲಿ ನಕ್ಷೆಗಳಲ್ಲಿದೆ. 1997ರಲ್ಲಿ ಕ್ಯಾಲಿಫೋರ್ನಿಯದ ಅಧಿಕೃತ ರಾಜ್ಯ ಮಣ್ಣಾಯಿತು.

ಇದರ ಒಡಲು ಹೀಗಿದೆ. ಮೇಲೆ ಕಂದು ಗೋಡು. ಅದರ ಕೆಳಗೆ ಥಟ್ಟನೆ ಕೆಂಪು ಜೇಡಿ. ಜೇಡಿಯ ಕೆಳಗೆ, ಮೇಲಿನಿಂದ 50 ರಿಂದ 100 ಸೆಂ.ಮೀ. ಆಳದಲ್ಲಿ, ಸಿಲಿಕಾ ಬೆಸೆದ ಕಲ್ಲಿನಂಥ ಗಟ್ಟಿಪದರ, ಇಲ್ಲಿನವರ ಬಾಯಲ್ಲಿ ಹಾರ್ಡ್‌ಪ್ಯಾನ್. ಗ್ರಾನೈಟಿನ ಖನಿಜಗಳು ಸವೆದಾಗ ಬಿಡುಗಡೆಯಾದ ಸಿಲಿಕಾ ಚಳಿಗಾಲದ ಮಳೆಯೊಡನೆ ಇಳಿದು, ಬೇಸಿಗೆಯಲ್ಲಿ ಒಣಗಿ, ಲಕ್ಷಾಂತರ ವರ್ಷ ಪದರ ಪದರವಾಗಿ ಕೂತದ್ದು. ಹಾರೆ ಬಿದ್ದರೆ ಠಣ್ಣೆನ್ನುತ್ತದೆ. ಸುಣ್ಣದ ಪದರವೋ ಸಿಲಿಕಾದ್ದೋ ಎಂಬ ಅನುಮಾನವಿದ್ದರೆ ಒಂದು ಚೂರಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹನಿಸಬೇಕು. ಸುಣ್ಣವಾದರೆ ನೊರೆಗಟ್ಟಿ ಸಡಿಲಾಗುತ್ತದೆ. ಸಿಲಿಕಾ ಚೂರು ಆಮ್ಲದಲ್ಲೂ ನೀರಿನಲ್ಲೂ ರಾತ್ರಿಯಿಡೀ ನೆನೆದರೂ ಗಟ್ಟಿಯಾಗಿಯೇ ಇರುತ್ತದೆ. ಜಿಪ್ಸಂ ಹಾಕಿ ಇದನ್ನು ಮೆದು ಮಾಡುತ್ತೇವೆಂದು ಹೊರಡುವವರು ಹಣ ಕಳೆದುಕೊಳ್ಳುತ್ತಾರೆ, ಅಷ್ಟೇ.

ಇಂಥ ಮಣ್ಣಿಗೂ ಅಧಿಕೃತ ವಿವರಣೆ ಕೊಡುವ ವರ್ಗ ‘ಚೆನ್ನಾಗಿ ಅಥವಾ ಸಾಧಾರಣ ಚೆನ್ನಾಗಿ ಬಸಿಯುವುದು’. ತಪ್ಪು ಬರೆದಿದ್ದಾರೆ ಎನಿಸಬಹುದು, ತಪ್ಪಲ್ಲ. ಬಸಿಯುವಿಕೆಯ ವರ್ಗ ಹೇಳುವುದು ಸಹಜ ಸ್ಥಿತಿಯಲ್ಲಿ ಬೇರಿನ ವಲಯ ಎಷ್ಟು ಕಾಲ ತೊಯ್ದಿರುತ್ತದೆ ಎಂಬುದನ್ನು. ವರ್ಷಕ್ಕೆ ಮುನ್ನೂರು ಮಿ.ಮೀ. ಆಸುಪಾಸಿನ ಮಳೆ, ಅದೂ ಚಳಿಗಾಲದಲ್ಲಿ, ಅಂತರ್ಜಲ ಬಹಳ ಕೆಳಗೆ. ಹಾಗಾಗಿ ಈ ಮೆಟ್ಟಿಲು ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. ನೀರು ಪದರವನ್ನು ದಾಟಿ ಇಳಿಯುವ ವೇಗ ಬೇರೆಯೇ ಲೆಕ್ಕ, ಅದು ಇಲ್ಲಿ ಅತಿ ನಿಧಾನ. ನಕ್ಷೆ ನೋಡುವವರು ವರ್ಗ, ತಡೆಪದರದ ಆಳ, ನೀರಿಳಿಯುವ ವೇಗ ಮೂರನ್ನೂ ಒಟ್ಟಿಗೆ ಓದಬೇಕು. ಮೊದಲನೆಯದನ್ನಷ್ಟೇ ಓದಿ ನೀರಾವರಿ ಹಾಕಿದ ತೋಟಗಳಲ್ಲಿ ಜೇಡಿಯ ಮೇಲೆ ನೀರು ನಿಂತು, ಫೈಟಾಫ್ತೊರಾ ಎಂಬ ರೋಗಾಣು ಬಂದು ಬೇರು ಕೊಳೆಯುತ್ತದೆ.

ನೆಲದಲ್ಲೇ ಪರೀಕ್ಷಿಸುವುದು ಕಷ್ಟವಲ್ಲ. 30 ಸೆಂ.ಮೀ. ಅಗಲ, ಅಷ್ಟೇ ಆಳದ ಗುಂಡಿಗೆ ನೀರು ತುಂಬಿ ಒಮ್ಮೆ ಇಂಗಲು ಬಿಟ್ಟು, ಮರುದಿನ ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಬೇಕು. 2.5 ರಿಂದ 7.5 ಸೆಂ.ಮೀ. ಇಳಿದರೆ ಒಳ್ಳೆಯದು. ಆದರೆ ಹಳೆಯ ಮೆಟ್ಟಿಲಿನಲ್ಲಿ ಈ ಪರೀಕ್ಷೆಯೊಂದನ್ನೇ ನಂಬಿದರೆ ಮೋಸ, ಗುಂಡಿಯ ತಳ ಜೇಡಿಯನ್ನು ಮುಟ್ಟಿರುವುದೇ ಇಲ್ಲ. ಕೈಬೈರಿಗೆಯಿಂದ ಒಂದು ಮೀಟರಿಗೂ ಆಳಕ್ಕೆ ಕೊರೆದು ನೋಡಲೇಬೇಕು. ಕೆಂಪು ಒಂದೇ ಸಮನಾಗಿದ್ದರೆ ಗಾಳಿಯಾಡುವ ಮಣ್ಣು. ಬೂದು ಕಲೆ, ಕಪ್ಪು ಚುಕ್ಕೆ ಕಂಡ ಆಳದಲ್ಲಿ ನೀರು ಪ್ರತಿವರ್ಷ ನಿಲ್ಲುತ್ತದೆ.

ಗಟ್ಟಿಪದರವಿರುವಲ್ಲಿ ತೋಟ ಮಾಡುವವರು ದೊಡ್ಡ ಟ್ರ್ಯಾಕ್ಟರಿಗೆ ಕೊಕ್ಕೆನೇಗಿಲು ಕಟ್ಟಿ 1.2 ರಿಂದ 1.8 ಮೀಟರ್ ಆಳಕ್ಕೆ ಸೀಳುತ್ತಾರೆ. ಮಣ್ಣು ಪೂರ್ತಿ ಒಣಗಿದ ಶರತ್ಕಾಲದಲ್ಲೇ ಸೀಳಬೇಕು, ಆಗ ಪದರ ಚೂರಾಗಿ ಒಡೆಯುತ್ತದೆ. ತೇವವಿದ್ದರೆ ಜೇಡಿ ಬರೀ ಸವರಿಕೊಳ್ಳುತ್ತದೆ, ನೇಗಿಲು ಹೋದ ಜಾಡು ಮತ್ತೆ ಮುಚ್ಚುತ್ತದೆ. ಸೀಳು ಪದರದ ನಡುವೆಯೇ ನಿಂತರೆ ಇನ್ನೂ ಕೆಟ್ಟದ್ದು. ಗಿಡದ ಬುಡಕ್ಕೆ ಒಂದು ತೊಟ್ಟಿ ಕಟ್ಟಿಕೊಟ್ಟಂತಾಗಿ ನೀರೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ಸೀಳಿದ ನೆಲ ಕುಸಿಯುವುದಕ್ಕೆ ಒಂದು ಚಳಿಗಾಲ ಬಿಟ್ಟು, ಸಮ ಮಾಡಿ, 30 ರಿಂದ 45 ಸೆಂ.ಮೀ. ಎತ್ತರದ ಏರಿಗಳ ಮೇಲೆ ಸಸಿ ನೆಡಬೇಕು. ಅವಸರದಲ್ಲಿ ನೆಟ್ಟ ಸಸಿ ಮಣ್ಣಿನೊಡನೆ ಇಳಿದು ಕಸಿ ಗಂಟು ಹೂತುಹೋಗುತ್ತದೆ, ಬುಡ ಕೊಳೆಯುತ್ತದೆ. ಬಾದಾಮಿಯನ್ನು ಕಸಿ ಕಟ್ಟುವ ಬೇರುಗಿಡಗಳಲ್ಲಿ ನೆಮಾಗಾರ್ಡ್ ತಳಿ ಇಲ್ಲಿ ಸಲ್ಲದು. ಒದ್ದೆ ತಡೆಯುವ ಮರಿಯಾನಾ 2624 ತಳಿ ವಾಸಿ. ಸೀಳದೆ ಬಿಟ್ಟ ನೆಲದಲ್ಲಿ 60 ಸೆಂ.ಮೀ. ಬೇರಿಗೆ ಸಿಗುವುದು 72 ಮಿ.ಮೀ. ನೀರು, ಅದರ ಅರ್ಧ ಐದು ದಿನಕ್ಕೆ ಮುಗಿಯುತ್ತದೆ.

ಪದರವನ್ನು ಒಡೆಯದೆ ಬಳಸುವ ದಾರಿಗಳೂ ಇವೆ. ನೀರು ನಿಲ್ಲಬೇಕಾದ ಭತ್ತಕ್ಕೆ ಅದೇ ಅನುಕೂಲ. ಚಳಿಗಾಲದ ಗೋಧಿ, ಹುಲ್ಲುಗಾವಲು, ಅಂಜೂರವೂ ಒಗ್ಗುತ್ತವೆ. 2005ರಲ್ಲಿ ತೆರೆದ ಮರ್ಸೆಡ್ ವಿಶ್ವವಿದ್ಯಾಲಯದ ಪಕ್ಕದಲ್ಲಿ ಉಳುಮೆ ಕಾಣದ ಮೆಟ್ಟಿಲು ಇನ್ನೂ ಉಳಿದಿದೆ, ಸುಮಾರು 6,500 ಎಕರೆಯ ಸಂರಕ್ಷಿತ ಹುಲ್ಲುಗಾವಲು. ಮಳೆ ಬಂದಾಗ ತಗ್ಗುಗಳಲ್ಲಿ ಗಟ್ಟಿಪದರ ಹಿಡಿದ ನೀರು ವಸಂತದ ಕೊಳಗಳಾಗುತ್ತದೆ. ನೀರು ಆರುತ್ತ ಬಂದಂತೆ ಅಂಚಿನಿಂದ ಒಳಕ್ಕೆ ಹೂವಿನ ಬಳೆಗಳು ಅರಳುತ್ತವೆ. ಈ ಕೊಳಗಳ ಪುಟ್ಟ ಫೇರಿ ಸೀಗಡಿಯ ಮೊಟ್ಟೆಗಳು ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲವು. 1994ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಪದರ ಸೀಳಿದರೆ ಕೊಳ ಬಸಿದುಹೋಗುತ್ತದೆ, ಮತ್ತೆ ಕಟ್ಟಲಾಗದು. ಇಂಥ ಕಡೆ ನೇಗಿಲು ಇಳಿಸಲೇಬಾರದು.

ಮರ್ಸೆಡ್‌ನಿಂದ 99ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ, ಮಡೇರಾ ದಾಟಿ ಫ್ರೆಸ್ನೋಗೆ ಬಂದರೆ ಶಾ ಅವೆನ್ಯೂ ಬದಿಯಲ್ಲಿ ಫೊರೆಸ್ಟಿಯೆರೆ ನೆಲದಡಿಯ ತೋಟ. ಸಿಸಿಲಿಯಿಂದ ಬಂದ ಬಾಲ್ಡಸಾರೆ ಫೊರೆಸ್ಟಿಯೆರೆ ಕಿತ್ತಳೆ ಬೆಳೆಯಲೆಂದು ಕೊಂಡ ಜಮೀನಿನ ತುಂಬ ಹಾರ್ಡ್‌ಪ್ಯಾನ್. 1906ರಿಂದ 1946ರಲ್ಲಿ ತೀರಿಕೊಳ್ಳುವವರೆಗೆ ಆತ ಗುದ್ದಲಿ, ಕೈಗಾಡಿ ಹಿಡಿದು ಕೋಣೆ, ಓಣಿ, ಅಂಗಳಗಳನ್ನು ತೋಡಿದ. ಅಗೆದ ಗಟ್ಟಿಪದರದ ತುಂಡುಗಳನ್ನೇ ಕಮಾನು, ಗೋಡೆಗಳಿಗೆ ಕಲ್ಲಾಗಿ ಬಳಸಿದ. ಮರಗಳು ನೆಲದಡಿಯಲ್ಲಿ ಬೇರೂರಿ, ಬೆಳಕಿಂಡಿಯಿಂದ ತಲೆ ಹೊರಹಾಕುತ್ತವೆ. ಗೋಡೆಗಳನ್ನು ಹತ್ತಿರದಿಂದ ನೋಡಿ, ಸ್ಯಾನ್ ವಾಕೀನ್ ಮಣ್ಣಿನ ಗಟ್ಟಿಪದರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಅಪರೂಪ.

ಕೊಳ, ಹೂವು ನೋಡಬೇಕಾದರೆ ಮಾರ್ಚ್‌ನಿಂದ ಏಪ್ರಿಲ್ ಮಧ್ಯದೊಳಗೆ ಹೊರಡಬೇಕು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 38 ಡಿಗ್ರಿ ದಾಟುವುದು ಸಾಮಾನ್ಯ, ಹುಲ್ಲುಗಾವಲೆಲ್ಲ ಒಣಗಿರುತ್ತದೆ. ನೆಲ ಸೀಳುವ ಕೆಲಸ ಕಾಣಬೇಕೆಂದರೆ ಸೆಪ್ಟೆಂಬರ್ ಕೊನೆಯಿಂದ ಮೊದಲ ಮಳೆಯವರೆಗೆ. ಹೊಸದಾಗಿ ಸೀಳಿದ ಹೊಲದ ಅಂಚಿನಲ್ಲಿ, ಒಡೆಯರ ಒಪ್ಪಿಗೆ ಪಡೆದು ಹೆಂಟೆಗಳನ್ನು ಹೊರಳಿಸಿ ನೋಡಿದರೆ ಗೋಡು, ಕೆಂಪು ಜೇಡಿ, ಸಿಲಿಕಾದ ಹೊಳಪಿರುವ ಪದರದ ಚೂರು ಮೂರೂ ಅಕ್ಕಪಕ್ಕದಲ್ಲೇ ಸಿಗುತ್ತವೆ.