ಸಕ್ಕರೆ ಅಚ್ಚು: ಮಂಗಳೂರಿನ ಪಾಕ ಕೊನೆಗೂ ಗಟ್ಟಿಯಾಯಿತು

ಸಂಕ್ರಾಂತಿಯ ಸಕ್ಕರೆ ಅಚ್ಚು ಮಂಗಳೂರಿನ ತಂಗಿಗೆ ಎಷ್ಟು ಸಲ ಮಾಡಿದರೂ ಬರುತ್ತಿರಲಿಲ್ಲ. ಈಗ ಕೂತಿದೆ! ನಿನ್ನೆ ರಾತ್ರಿ ತಂಗಿ ಫೋಟೊ ಕಳಿಸಿದಳು. ಆನೆ, ಮೀನು, ಬೃಂದಾವನ ಎಲ್ಲ ಬೆಳ್ಳಗೆ, ಒಣಗಿ ನಿಂತಿವೆ. ಗಿಣಿಯ ಕೊಕ್ಕು ಮುರಿದಿದೆ. ಗಿಣಿಯ ಕೊಕ್ಕು ಯಾರ ಮನೆಯಲ್ಲೂ ಉಳಿಯುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈ ಸಲದ ಎಳ್ಳು-ಬೆಲ್ಲದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಕೊಬ್ಬರಿ ಹೆಚ್ಚಿದ್ದಾಯಿತು, ಬೆಲ್ಲ ಬಿಸಿಲು ಕಂಡಾಯಿತು, ಅಂಗೈಯಲ್ಲಿ ಬೊಬ್ಬೆ ಬಂದಾಯಿತು. ಅಚ್ಚಿನ ಮರ (ಪಾಕ ಹುಯ್ಯುವ, ಎರಡು ಹೋಳಿನ ಮರದ ಅಚ್ಚು) ನೆನೆಸುವುದು, ದಾರ ಬಿಗಿಯುವುದು, ಹಾಲು ಹಾಕಿ ಸಕ್ಕರೆಯ ಕೊಳೆ ತೆಗೆಯುವುದು ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ನೇರವಾಗಿ ಪಾಕಕ್ಕೆ ಬರುತ್ತೇನೆ. ತಲೆ ತಿಂದಿದ್ದು ಅದೊಂದೇ.

ನಮ್ಮ ಮನೆಯ ಅಚ್ಚಿನ ರೆಸಿಪಿ ದೊಡ್ಡಮ್ಮನದು. ಅದರಲ್ಲಿ ಇರುವುದು ಒಂದೇ ಅಳತೆ: ‘ಹದ ಬಂದಾಗ ಇಳಿಸು.’ ಯಾವ ಹದ ಅಂದರೆ ‘ನಿಂಗೇ ಗೊತ್ತಾಗತ್ತೆ ಬಿಡು’. ಹೋದ ವರ್ಷ ಅವರ ಪಕ್ಕದಲ್ಲೇ ನಿಂತು ಬಾಣಲೆಗೆ ಥರ್ಮಾಮೀಟರ್ ಇಳಿಬಿಟ್ಟೆ. ‘ಪಾಕಕ್ಕೇನು ಜ್ವರ ಬಂದಿದೆಯಾ?’ ಅಂದರು. ಅವರು ಇಳಿಸಿದಾಗೆಲ್ಲ ಮುಳ್ಳು 111 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇತ್ತು. ಕಣ್ಣಳತೆ ಅಂದರೆ ಅದು! ಆ ಅಂಕಿಯನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಇಲ್ಲೇ ಬೆಂಗಳೂರಿನಲ್ಲಿರುವ ಅತ್ತಿಗೆ, ಸೋದರತ್ತೆ, ಎದುರು ಮನೆಯವರು ಎಲ್ಲರಿಗೂ ಅಚ್ಚು ಬಂತು. ಮಂಗಳೂರಿನ ತಂಗಿಗೆ ಬರಲಿಲ್ಲ.

ಅವಳ ಪಾಕ ತಿರುವುವಾಗ ಸರಿಯಾಗಿಯೇ ಮಬ್ಬಾಗುತ್ತಿತ್ತು. ಹುಯ್ದಾಗ ಅಚ್ಚಿನೊಳಗೆ ಸಲೀಸಾಗಿ ಇಳಿಯುತ್ತಿತ್ತು. ಮರ ಬಿಚ್ಚಿದರೆ ಹೊರಗೆ ತೆಳು ಚಿಪ್ಪು, ಒಳಗೆ ಒದ್ದೆ ಹಿಟ್ಟು. ಆನೆ ನಿಲ್ಲಿಸಿದರೆ ಮೆಲ್ಲಗೆ ಮಂಡಿಯೂರುತ್ತಿತ್ತು. ರಾತ್ರಿಯಿಡೀ ಬಿಟ್ಟರೂ ಒಣಗುತ್ತಿರಲಿಲ್ಲ. ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು’ ಅನ್ನುವ ಹಬ್ಬಕ್ಕೆ ಅವಳು ಕಳಿಸಿದ ವಾಯ್ಸ್ ಮೆಸೇಜುಗಳನ್ನು ಮಕ್ಕಳೆದುರು ಹಾಕುವ ಹಾಗಿರಲಿಲ್ಲ.

ಮೊದಲು ಬೈದಿದ್ದು ಸಮುದ್ರದ ಗಾಳಿಯನ್ನು. ಅವಳು ಎಸಿ ಹಾಕಿ ಒಣಗಿಸಿದಳು. ಕರೆಂಟ್ ಬಿಲ್ ಏರಿತು, ಆನೆ ಏಳಲಿಲ್ಲ.

ಆಮೇಲೆ ನಿಂಬೆಹಣ್ಣು. ಕೊಳೆ ತೆಗೆಯಲು ಅವಳು ಹಾಲಿನ ಜೊತೆ ನಿಂಬೆರಸವನ್ನೂ ಹಿಂಡುತ್ತಿದ್ದಳು. ತುಂಬಾ ಜನ ಹಿಂಡುತ್ತಾರೆ, ನಾಲ್ಕು ಹನಿಗೆ ಏನೂ ಆಗುವುದಿಲ್ಲ. ಜಾಸ್ತಿಯಾಗಿ, ಜಾಸ್ತಿ ಹೊತ್ತು ಕುದಿದರೆ ಕಷ್ಟ. ಹುಳಿಗೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅವೆರಡೂ ಸಕ್ಕರೆಯನ್ನು ಹರಳುಗಟ್ಟಲು ಬಿಡುವುದಿಲ್ಲ. ಜಾಮೂನಿನ ಪಾಕಕ್ಕೆ ನಿಂಬೆ ಹಿಂಡುವುದು ಇದಕ್ಕೇ ಅಲ್ವಾ? ಅಲ್ಲಿ ಹರಳಾಗಬಾರದು, ಇಲ್ಲಿ ಆಗಲೇಬೇಕು. ನಿಂಬೆ ಬಿಟ್ಟ ಮೇಲೆ ಸ್ವಲ್ಪ ಸುಧಾರಿಸಿತು. ಸ್ವಲ್ಪ ಅಷ್ಟೇ.

ಮೂರನೆಯ ಅನುಮಾನ ಅಚ್ಚಿನ ಮರದ ಮೇಲೆ. ಅವಳು ಆನ್‌ಲೈನಿನಲ್ಲಿ ತರಿಸಿದ ಮರಕ್ಕೆ ಪಾಲಿಶ್ ಬಳಿದಿದ್ದಾರೆ! ತಿನ್ನುವ ಸಾಮಾನಿನ ಅಚ್ಚಿಗೆ ಪಾಲಿಶ್. ಎರಡು ಹೋಳೂ ಒಂದಕ್ಕೊಂದು ಕೂರುವುದಿಲ್ಲ. ಸೊಂಡಿಲು ಒಂದು ಕಡೆ, ದಂತ ಇನ್ನೊಂದು ಕಡೆ. ವಾಪಸ್ ತಗೊಳ್ಳಿ ಅಂದರೆ ‘ಕೈಕೆಲಸ ಮೇಡಂ, ಸ್ವಲ್ಪ ವ್ಯತ್ಯಾಸ ಇರುತ್ತದೆ’ ಅಂತ ಉತ್ತರ. ಕೊನೆಗೆ ಅಮ್ಮನ ಹಳೇ ಮರವನ್ನು ಬಸ್ಸಿನಲ್ಲಿ ಕಳಿಸಿದೆ. ನೀರು ಕುಡಿದು ಸಂದು ಮುಚ್ಚಿಕೊಳ್ಳುವ ಮರ ಅದು. ಸೋರುವುದು ನಿಂತಿತು, ಆನೆ ಮಾತ್ರ ಮಂಡಿಯೂರಿಯೇ ಇತ್ತು.

ಅಂದ ಹಾಗೆ ನಾನು ಮುಂದೆ ಮಾಡಬೇಕೆಂದಿರುವುದು ಕುಸುರೆಳ್ಳು, ಅಂದರೆ ಮೈತುಂಬಾ ಸಕ್ಕರೆಯ ಮುಳ್ಳು ಕಟ್ಟಿದ ಎಳ್ಳು. ಧಾರವಾಡದ ಗೆಳತಿಯೊಬ್ಬಳ ತಾಯಿ ಹೇಳಿಕೊಟ್ಟಿದ್ದಾರೆ. ಅಗಲ ಪಾತ್ರೆಯಲ್ಲಿ ಎಳ್ಳು, ಕೆಳಗೆ ಸಣ್ಣ ಉರಿ. ಮೇಲಿಂದ ಚಮಚ ಚಮಚವಾಗಿ ಎಳೆಪಾಕ ಹಾಕುತ್ತಾ ಕೈಯಲ್ಲೇ ಆಡಿಸಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ದಿನಗಟ್ಟಲೆ ಹೀಗೆ ಮಾಡಿದರೆ ಎಳ್ಳಿಗೆ ಮುಳ್ಳು ಬರುತ್ತದೆ. ಬೆರಳು ಸುಡುತ್ತದೆ ಅಂತ ಅವರೇ ಎಚ್ಚರಿಸಿದ್ದಾರೆ. ಅದಕ್ಕೇ ಇನ್ನೂ ಜಾಸ್ತಿ ಆಸೆಯಾಗಿದೆ.

ಇರಲಿ, ಮಂಗಳೂರಿಗೆ ವಾಪಸ್. ಉಳಿದಿದ್ದು ಥರ್ಮಾಮೀಟರ್. ಅಂಗಡಿಯವರು ಅವಳಿಗೆ ಮೊದಲು ಕಳಿಸಿದ್ದು 50 ಡಿಗ್ರಿಗೇ ನಿಲ್ಲುವ ಫ್ರಿಜ್ಜಿನ ಥರ್ಮಾಮೀಟರ್. ಜಗಳವಾಡಿ ಬದಲಾಯಿಸಿಕೊಂಡಳು. ಹೊಸದು ನೆಟ್ಟಗಿದೆಯಾ ನೋಡೋಣ ಅಂತ ಕುದಿಯುವ ನೀರಿಗೆ ಹಾಕಿಸಿದೆ. ಸರಿಯಾಗಿ 100 ತೋರಿಸಿತು. ‘ಇದು ಸರಿ ಇದೆ ಅಕ್ಕ, ನಿನ್ನ ರೆಸಿಪಿನೇ ಸರಿ ಇಲ್ಲ’ ಅಂದಳು. ರೋಷಕ್ಕೆ ನನ್ನದನ್ನೂ ಕುದಿಯುವ ನೀರಿಗೆ ಹಾಕಿದೆ. 97! ಎಷ್ಟು ಕುದಿಸಿದರೂ ಅದಕ್ಕಿಂತ ಮೇಲೆ ಹೋಗಲಿಲ್ಲ.

ಆಗ ಹೊಳೆಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 97ಕ್ಕೇ ಕುದಿಯುತ್ತದೆ. ಅಂದರೆ ಎರಡು ಥರ್ಮಾಮೀಟರೂ ಸರಿ. ಪಾಕದಲ್ಲಿ ನೀರು ಆರಿದಷ್ಟೂ ಶಾಖ ಏರುತ್ತದೆ. ಆದರೆ ಆ ಏರಿಕೆಯನ್ನು ಎಣಿಸಬೇಕಾದ್ದು ಆ ಊರಿನಲ್ಲಿ ನೀರು ಕುದಿಯುವ ಶಾಖದಿಂದ. ದೊಡ್ಡಮ್ಮನ 111 ಅಂದರೆ ಕುದಿಯುವ ನೀರಿಗಿಂತ 14 ಡಿಗ್ರಿ ಮೇಲೆ. ಮಂಗಳೂರಿನ 111 ಅಂದರೆ ಬರೀ 11 ಮೇಲೆ. ಅವಳ ಪಾಕದಲ್ಲಿ ಇನ್ನೂ ನೀರು ಉಳಿದಿರುತ್ತಿತ್ತು. ಆನೆ ಇನ್ನೇನು ಮಾಡೀತು ಪಾಪ.

‘114ಕ್ಕೆ ಇಳಿಸು’ ಅಂದೆ. ಹಾಗೇ ಮಾಡಿದಳು. ಬಾಣಲೆಯ ಅಂಚಿಗೆ ಉಜ್ಜಿ ತಿರುವಿ, ಬೆಳ್ಳಗಾದ ಕೂಡಲೇ ಹುಯ್ದಳು. ಸ್ವಲ್ಪ ಹೊತ್ತಿಗೆ ಬಿಚ್ಚಿದರೆ ಟಣ್ ಅನ್ನುವ ಅಚ್ಚು. ಒಂದೇ ತೊಂದರೆ: ಈ ಹದದಲ್ಲಿ ಪಾಕ ಬಾಣಲೆಯಲ್ಲೇ ಬೇಗ ಬಿಗಿದುಕೊಳ್ಳುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದು ಲೋಟಕ್ಕಿಂತ ಜಾಸ್ತಿ ಪಾಕ ಇಡಬೇಡಿ. ದೊಡ್ಡಮ್ಮ ಯಾವಾಗಲೂ ಆ ಪುಟ್ಟ ಬಾಣಲೆಯನ್ನೇ ಯಾಕೆ ಹುಡುಕುತ್ತಿದ್ದರು ಅಂತ ಈಗ ಗೊತ್ತಾಯಿತು. ಕೇಳಿದರೆ ‘ಅದನ್ನೂ ಹೇಳಬೇಕಾ?’ ಅಂತಾರೆ.

ಗುಂಪಿನಲ್ಲಿದ್ದ 111 ತೆಗೆದು ‘ನಿಮ್ಮೂರಿನ ಕುದಿಯುವ ನೀರಿನ ಮೇಲೆ 14’ ಅಂತ ಹಾಕಿದ್ದೇನೆ. ಮಡಿಕೇರಿಯ ಮಾವನ ಮಗ ಈಗಲೇ ತಕರಾರು ತೆಗೆದಿದ್ದಾನೆ. ಅಲ್ಲಿ ನೀರು ಸುಮಾರು 96ಕ್ಕೇ ಕುದಿಯುತ್ತದೆ, ಅವನ ಹತ್ತಿರ ಥರ್ಮಾಮೀಟರೇ ಇಲ್ಲ. ತಣ್ಣಗಿನ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉಜ್ಜು, ಬೆಳ್ಳಗೆ ಪುಡಿಯಾದರೆ ಇಳಿಸು ಅಂತ ಬರೆದಿದ್ದೇನೆ.

ಕುಸುರೆಳ್ಳಿಗೆ ಅಗಲವಾದ, ತಳ ದಪ್ಪಗಿರುವ, ಕಲಾಯಿ ಹಾಕಿದ ಹಿತ್ತಾಳೆ ತಟ್ಟೆ ಬೇಕು. ನಮ್ಮ ಕಡೆಯ ಅಂಗಡಿಗಳಲ್ಲಿ ತೋರಿಸುವುದೆಲ್ಲ ಕಾಗದದಷ್ಟು ತೆಳು. ಹುಬ್ಬಳ್ಳಿ-ಧಾರವಾಡದ ಕಡೆಯವರು ಎಲ್ಲಿ ಸಿಗುತ್ತದೆ ಅಂತ ದಯವಿಟ್ಟು ಹೇಳಿ. ಕಲಾಯಿ ಹಾಕುವವರು ಗೊತ್ತಿದ್ದರೆ ಅದನ್ನೂ.