ಜೆಂಬೆ ಕಲಿಯೋಕೆ ಗಿನಿಗೆ ಹೋಗುವವರು ಕೊನಾಕ್ರಿಯಲ್ಲೇ ದುಡ್ಡು ಮುಗಿಸಬೇಡಿ

ಜೆಂಬೆ, ಅಂದರೆ ಕೈಯಲ್ಲಿ ಬಡಿಯುವ ಪಶ್ಚಿಮ ಆಫ್ರಿಕಾದ ಡ್ರಮ್, ಅದನ್ನು ಕಲಿಯೋಕೆ ಗಿನಿ ದೇಶಕ್ಕೆ ಹೋಗಬೇಕು, ಹೇಗೆ ಅಂತ ಬೆಂಗಳೂರಿನ ಕೆಲವು ಗೆಳೆಯರು ಕೇಳುತ್ತಲೇ ಇದ್ದಾರೆ. ಎಲ್ಲರಿಗೂ ಫೋನಿನಲ್ಲಿ ಅದನ್ನೇ ಹೇಳಿ ಸಾಕಾಯಿತು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಟಿಕೆಟ್, ಇ-ವೀಸಾ ಎಲ್ಲ ನೀವೇ ಹುಡುಕಿಕೊಳ್ಳಬಹುದು. ಹುಡುಕುವಾಗ ಒಂದು ಎಚ್ಚರ: ಗಿನಿ-ಬಿಸ್ಸಾವ್ ಬೇರೆ ದೇಶ, ಈಕ್ವಟೋರಿಯಲ್ ಗಿನಿ ಬೇರೆ ದೇಶ. ನಮಗೆ ಬೇಕಾದ್ದು ಕೊನಾಕ್ರಿ ರಾಜಧಾನಿಯಾಗಿರುವ ಗಿನಿ.

ಮೊದಲು ಬೈದುಬಿಡುತ್ತೇನೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಯುರೋಪಿನವರು, ಜಪಾನಿನವರು ಜೆಂಬೆ ಕಲಿಯೋಕೆ ಕೊನಾಕ್ರಿಗೆ ಬಂದು ಇಳಿಯುತ್ತಾರೆ. ಅವರಿಗಾಗಿ ಊರಿಡೀ ವರ್ಕ್‌ಶಾಪ್‌ಗಳಿವೆ. ರೂಮು, ಊಟ, ಪಾಠ ಎಲ್ಲ ಸೇರಿ ಇಷ್ಟು ಯುರೋ ಅಂತ ಮೊದಲೇ ಕಟ್ಟಿಸಿಕೊಳ್ಳುತ್ತಾರೆ. ನಾನು ಸೇರಿದ ಕಡೆ ಪೋಸ್ಟರಿನಲ್ಲಿ ಒಬ್ಬ ಹಿರಿಯ ವಾದಕರ ಮುಖ ಇತ್ತು. ಅವರು ಒಂದು ಸಂಜೆ ಬಂದರು, ಎಲ್ಲರ ಕೈ ಕುಲುಕಿದರು, ಫೋಟೊ ತೆಗೆಸಿಕೊಂಡು ಹೋದರು. ಪಾಠ ಮಾಡಿದ್ದು ಹುಡುಗರು. ಹುಡುಗರ ಕೈ ಅದ್ಭುತವಾಗಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಇಪ್ಪತ್ತು ಚಿಲ್ಲರೆ ಜನ ಒಟ್ಟಿಗೆ ಕೂತು ಜೆಂಬೆ ಬಡಿಯುವಾಗ ನನ್ನ ಕೈಯ ಸದ್ದು ನನಗೇ ಕೇಳುತ್ತಿರಲಿಲ್ಲ. ಟೋನ್ ಅನ್ನುವ ದುಂಡನೆಯ ಪೆಟ್ಟು ಯಾವುದು, ಸ್ಲ್ಯಾಪ್ ಅನ್ನುವ ಚುರುಕು ಪೆಟ್ಟು ಯಾವುದು ಅಂತ ತಿದ್ದುವವರು ಯಾರು?

ರೂಮಿನ ಕತೆ ಇನ್ನೂ ಚೆನ್ನಾಗಿದೆ. "ಜನರೇಟರ್ ಇದೆ" ಅಂದಿದ್ದರು. ಇತ್ತು. ರಾತ್ರಿ ಹತ್ತಕ್ಕೆ ಆರಿಸುತ್ತಿದ್ದರು. ಫ್ಯಾನ್ ನಿಂತ ಕೂಡಲೇ ಸೊಳ್ಳೆ ಶುರು. ಡ್ರಮ್ಮಿಗೆ ಬಾಡಿಗೆ ಬೇರೆ, ಕುಡಿಯುವ ನೀರಿಗೆ ಬೇರೆ. ಕೊನೆಗೆ "ನೀವು ನುಡಿಸಿದ ಡ್ರಮ್ಮನ್ನೇ ಕೊಂಡುಕೊಳ್ಳಿ" ಅಂತ ದುಂಬಾಲು. ಕೊಳೆ, ಕತ್ತಲೆ, ತಣ್ಣೀರು ಸ್ನಾನ ಯಾವುದೂ ನನಗೆ ಸಮಸ್ಯೆಯಲ್ಲ. ಊರಿನ ಮನೆಯೊಂದರಲ್ಲಿ ಇದೇ ಅನನುಕೂಲ ಕಾಲುಭಾಗ ದುಡ್ಡಿಗೆ ಸಿಗುತ್ತೆ ಅನ್ನೋದಷ್ಟೇ ನನ್ನ ಸಂಕಟ. ಒಂಟಿಯಾಗಿ ಓಡಾಡೋಕೆ ಆಗಲ್ಲ, ಫ್ರೆಂಚ್ ಒಂದಕ್ಷರ ಬರಲ್ಲ ಅನ್ನುವವರು ಮಾತ್ರ ಇಂಥ ಕಡೆ ಸೇರಿ. ಉಳಿದವರು ಸೇರಬೇಡಿ. ಗಿನಿಯ ಹೆಸರಾಂತ ಜೆಂಬೆ ಗುರು ಮಾಮಾಡಿ ಕೇಟಾ 2021ರಲ್ಲಿ ತೀರಿಕೊಂಡರು. ಅವರ ಶಿಷ್ಯ ಅಂತ ಹೇಳಿಕೊಳ್ಳದ ಮೇಷ್ಟ್ರು ಕೊನಾಕ್ರಿಯಲ್ಲಿ ಸಿಗುವುದೇ ಕಷ್ಟ. ಹೆಸರು ನೋಡಿ ದುಡ್ಡು ಕೊಡಬೇಡಿ. ಒಂದು ಮದುವೆಯಲ್ಲೋ ಬೀದಿ ಹಬ್ಬದಲ್ಲೋ ನುಡಿಸುವುದನ್ನು ನೋಡಿ, ಅಲ್ಲೇ ಮಾತಾಡಿ.

ಕೊನಾಕ್ರಿಯಲ್ಲಿ ಕಲಿಸುವುದು ಹೆಚ್ಚಾಗಿ ಬ್ಯಾಲೆ ಶೈಲಿ, ಅಂದರೆ ವೇದಿಕೆಗಾಗಿ ಹೊಂದಿಸಿದ್ದು. 1952ರಲ್ಲಿ ಗಿನಿಯ ಕಲಾವಿದ ಫೊದೇಬಾ ಕೇಟಾ ಪ್ಯಾರಿಸ್‌ನಲ್ಲಿ ಲೆ ಬ್ಯಾಲೆ ಆಫ್ರಿಕೇನ್ ಅನ್ನುವ ಕುಣಿತದ ತಂಡ ಕಟ್ಟಿದರು. 1958ರಲ್ಲಿ ಗಿನಿ ಸ್ವತಂತ್ರವಾದ ಮೇಲೆ ಅದು ದೇಶದ ತಂಡವಾಯಿತು. ಹಳ್ಳಿಯಲ್ಲಿ ರಾತ್ರಿಯಿಡೀ ನಡೆಯುವ ಕುಣಿತವನ್ನು ವೇದಿಕೆಯ ಕೆಲವೇ ನಿಮಿಷಕ್ಕೆ ಕತ್ತರಿಸಿ, ವೇಗ ಏರಿಸಿ, ಬೇರೆ ಬೇರೆ ಸೀಮೆಯ ಲಯಗಳನ್ನು ಒಂದರ ಹಿಂದೆ ಒಂದು ಪೋಣಿಸಿದರು. ನಾವು ಬೆಂಗಳೂರಲ್ಲಿ ಕಲಿಯುವ ಕುಕು, ಜೋಲೆ, ಸೋಲಿ ಅನ್ನುವ ಲಯಗಳೆಲ್ಲ ಈ ದಾರಿಯಲ್ಲೇ ಬಂದದ್ದು. ಕುಕು ಗಿನಿಯ ಕಾಡಿನ ಸೀಮೆಯದು. ಜೋಲೆ ಪಕ್ಕದ ಸಿಯೆರಾ ಲಿಯೋನ್‌ನ ತೆಮ್ನೆ ಜನರದು, ಮೂಲದಲ್ಲಿ ಅದಕ್ಕೆ ಜೆಂಬೆಯೇ ಇಲ್ಲ, ಚೌಕದ ಡ್ರಮ್ ಬಳಸುತ್ತಾರೆ. ಬ್ಯಾಲೆ ಶೈಲಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದನ್ನು ನೋಡಿ ಮೈ ಜುಮ್ ಅನ್ನದವರು ಇರಲಾರರು. ಆದರೆ ಒಂದು ಲಯವನ್ನು ಬುಡದಿಂದ ಕಲಿಯಬೇಕು ಅನ್ನುವವರು ಹಮನಾ ಸೀಮೆಗೆ, ಅಂದರೆ ಕುರುಸಾ ಕಡೆಗೆ ಹೋಗಬೇಕು. ಹೆಸರಾಂತ ಜೆಂಬೆ ವಾದಕ ಫಾಮುದು ಕೊನಾಟೆ ಹುಟ್ಟಿದ ಸಂಗ್ಬರಾಲಾ ಹಳ್ಳಿ ಇರುವುದು ಆ ಸೀಮೆಯಲ್ಲೇ.

ಹೋಗುವ ದಾರಿ ಇದೆಯಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕೊನಾಕ್ರಿಯಿಂದ ಕೋಯಾ, ಕಿಂದಿಯಾ, ಮಾಮು, ದಾಬೋಲಾ ದಾಟಿ ಕುರುಸಾ. 600 ಕಿಲೋಮೀಟರ್ ಹತ್ತಿರ. ಸಂಜೆಗೆ ತಲುಪಿಸ್ತೀವಿ ಅಂತ ಹೇಳುತ್ತಾರೆ, ನಂಬಬೇಡಿ. ಹೋಗುವುದು ಟ್ಯಾಕ್ಸಿ ಬ್ರೂಸ್‌ನಲ್ಲಿ, ಅಂದರೆ ಮುದಿ ಪೆಜೋ ಕಾರಿನಲ್ಲಿ. ಡ್ರೈವರ್ ಪಕ್ಕ ಇಬ್ಬರು, ನಡುವೆ ನಾಲ್ವರು, ಹಿಂದೆ ಮೂವರು. ತುಂಬುವವರೆಗೆ ಗಾಡಿ ಹೊರಡಲ್ಲ. ಬೆಳಗ್ಗೆ ಆರಕ್ಕೆ ಹೋದ ನಾನು ಹೊರಟಿದ್ದು ಮಧ್ಯಾಹ್ನ. ಮುಂದಿನ ಎರಡೂ ಸೀಟಿನ ದುಡ್ಡು ಕೊಟ್ಟು ಆರಾಮಾಗಿ ಕೂತಿದ್ದೆ. ಹೊರಡುವ ಗಳಿಗೆಯಲ್ಲಿ ಸ್ಟ್ಯಾಂಡಿನ ಏಜೆಂಟ್ ಒಬ್ಬ ಅಜ್ಜಿಯನ್ನು, ಅವರ ಮಡಿಲಲ್ಲೊಂದು ಮಗುವನ್ನು ತಂದು ನನ್ನ ಪಕ್ಕ ಕೂರಿಸಿದ. ದುಡ್ಡು ವಾಪಸ್ ಕೊಡು ಅಂದರೆ ಅವನು ಪತ್ತೆಯಿಲ್ಲ. ಅಜ್ಜಿಯನ್ನು ಇಳಿಸಿ ಅನ್ನೋಕೆ ಬಾಯಿ ಬರುತ್ತಾ? ಎರಡು ಸೀಟು ಕೊಂಡರೆ ಡ್ರೈವರ್ ಕೈಗೇ ದುಡ್ಡು ಕೊಡಿ, ಅದೂ ಗಾಡಿ ಸ್ಟಾರ್ಟ್ ಆದ ಮೇಲೆ.

ನನ್ನ ಡ್ರಮ್ಮಿಗೆ ಲಗೇಜ್ ಚಾರ್ಜ್ ಅಂತ ಬೇರೆ ಕಿತ್ತುಕೊಂಡರು. ಚೀಲ ಸಮೇತ, ಬಾಯಿ ಕೆಳಗೆ ಮಾಡಿ ಕಟ್ಟಿ ಅಂತ ಹೇಳಿ, ಕೈಯಲ್ಲಿ ತೋರಿಸಿಯೂ ಕೊಟ್ಟಿದ್ದೆ. ಮಾಮುವಿನಲ್ಲಿ ಆಡುಗಳನ್ನು ಇಳಿಸುವಾಗ ಲಗೇಜ್ ಬಿಚ್ಚಿ ಮತ್ತೆ ಕಟ್ಟಿದ ಹುಡುಗ ಚೀಲ ತೆಗೆದು ಅದನ್ನು ತನ್ನ ಮೂಟೆಗಳ ಕೆಳಗೆ ಹಾಸಿಕೊಂಡ. ಡ್ರಮ್ಮಿನ ಚರ್ಮ ಬಿಸಿಲಿಗೆ ಮುಖ ಮಾಡಿ ನಿಂತಿತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಹಾರಾ ಕಡೆಯಿಂದ ಹರ್ಮಾತನ್ ಅನ್ನುವ ಒಣ ಗಾಳಿ ಬೀಸುತ್ತದೆ, ತುಟಿ ಒಡೆದು ರಕ್ತ ಬರುತ್ತೆ. ದಾಬೋಲಾ ಹತ್ತಿರ ಬರುವಾಗ ಮೇಲಿಂದ ಪಟ್ ಅಂತ ಒಂದು ಸದ್ದು. ಟೈರ್ ಅಂದುಕೊಂಡು ಡ್ರೈವರ್ ಗಾಡಿ ನಿಲ್ಲಿಸಿದ. ಟೈರ್ ಸರಿಯಾಗಿತ್ತು, ನನ್ನ ಡ್ರಮ್ಮಿನ ಚರ್ಮ ಅಂಚಿನಿಂದ ಅಂಚಿಗೆ ಸೀಳಿತ್ತು. ಟೈರ್ ಸಿಡಿದದ್ದು ಆಮೇಲೆ, ರಾತ್ರಿ. ಕುರುಸಾ ತಲುಪಿದಾಗ ಬೆಳಗಿನ ನಮಾಜ್ ಮುಗಿದಿತ್ತು.

ಕೊನಾಕ್ರಿಯಿಂದ ಡ್ರಮ್ ಹೊತ್ತುಕೊಂಡು ಹೋಗಲೇಬೇಡಿ. ಕುರುಸಾ ಕಡೆ ಡ್ರಮ್ ಇದ್ದೇ ಇರುತ್ತೆ, ಕಟ್ಟುವವರೂ ಇರುತ್ತಾರೆ. ನನ್ನದಕ್ಕೆ ಹೊಸ ಚರ್ಮ ಹಾಕಿದವರ ಪಕ್ಕ ಕೂತು ನೋಡಿದ್ದೇ ಒಂದು ಪಾಠವಾಯಿತು. ಆಡಿನ ಚರ್ಮವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಕೂದಲು ಮೇಲೆ ಬರುವ ಹಾಗೆ ಡ್ರಮ್ಮಿನ ಬಾಯಿಗೆ ಹರಡಿದರು. ಆಡಿನ ಬೆನ್ನುಮೂಳೆಯ ಗೆರೆ ಸರಿಯಾಗಿ ನಡುವೆ ಬರಬೇಕು, ಅದನ್ನು ಬೆರಳಲ್ಲಿ ಸವರಿ ಸವರಿ ಹುಡುಕಿದರು. ಒಂದು ಕಬ್ಬಿಣದ ಬಳೆ, ಅದರ ಮೇಲೆ ಚರ್ಮ ಮಡಿಸಿ ಇನ್ನೊಂದು ಬಳೆ, ಆಮೇಲೆ ಹಗ್ಗ. ಒಣಗೋಕೆ ಬಿಟ್ಟು, ಮತ್ತೆ ಬ್ಲೇಡಿನಲ್ಲಿ ಕೂದಲು ಹೆರೆದರು. ಹೆರೆಯುವಾಗ ಕೂಡ ಮಾತು ನಿಲ್ಲಿಸಲಿಲ್ಲ, ಬ್ಲೇಡ್ ಒಮ್ಮೆಯೂ ಚರ್ಮಕ್ಕೆ ತಾಗಲಿಲ್ಲ. ಕೊನೆಗೆ ಒಂದು ಕೋಲಿಗೆ ಹಗ್ಗ ಸುತ್ತಿ, ಎರಡೂ ಕಾಲನ್ನು ಡ್ರಮ್ಮಿಗೆ ಒತ್ತಿ ಎಳೆದರೆ ಸ್ವರ ಏರುತ್ತಾ ಹೋಯಿತು. ಎಲ್ಲ ಸೇರಿ ಒಂದೂವರೆ ಲಕ್ಷ ಫ್ರಾಂಕ್. ಗಾಬರಿಯಾಗಬೇಡಿ. ಗಿನಿ ಫ್ರಾಂಕಿನಲ್ಲಿ ಎರಡು ಸೊನ್ನೆ ತೆಗೆದರೆ ಹೆಚ್ಚುಕಡಿಮೆ ನಮ್ಮ ರೂಪಾಯಿ ಲೆಕ್ಕ ಸಿಗುತ್ತೆ.

ಇನ್ನು ಪಾಠ. ಅಲ್ಲಿ ಜೆಂಬೆ ಒಂಟಿಯಾಗಿ ನುಡಿಯಲ್ಲ. ಜೊತೆಗೆ ಮೂರು ಡುನುನ್ ಇರುತ್ತವೆ: ದೊಡ್ಡದು ಡುನುನ್‌ಬಾ, ನಡುವಿನದು ಸಂಗ್ಬಾನ್, ಚಿಕ್ಕದು ಕೆಂಕೆನಿ. ಹಮನಾದಲ್ಲಿ ಇವನ್ನು ಅಡ್ಡಡ್ಡ ಇಟ್ಟು ಒಂದೊಂದಕ್ಕೆ ಒಬ್ಬರಂತೆ ಕೂರುತ್ತಾರೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಡ್ರಮ್ಮಿಗೆ ಕಟ್ಟಿದ ಗಂಟೆ. ನನ್ನ ಮೇಷ್ಟ್ರು ಜೆಂಬೆ ಮುಟ್ಟೋಕೇ ಬಿಡಲಿಲ್ಲ, ಕೆಂಕೆನಿ ಮುಂದೆ ಕೂರಿಸಿದರು. ಅದೇ ಎರಡು ಪೆಟ್ಟು, ಅದೇ ಗಂಟೆ, ಬೆಳಗಿಂದ ಸಂಜೆವರೆಗೆ. ಇದಕ್ಕಾ ಇಷ್ಟು ದೂರ ಬಂದದ್ದು ಅಂತ ಸಿಟ್ಟು ಬಂತು. ಆದರೆ ಲಯ ಇರುವುದು ಅಲ್ಲೇ. ಹಿನ್ನೆಲೆಯಲ್ಲಿ ಜೊತೆ ಕೊಡುವ ಜೆಂಬೆಯ ಪೆಟ್ಟುಗಳು ಹತ್ತು ಲಯಗಳಲ್ಲಿ ಒಂದೇ ಥರ ಇರಬಹುದು. ಸಂಗ್ಬಾನ್ ಕೇಳಿದರೆ ಮಾತ್ರ ಇದು ಕಸ್ಸಾ, ಇದು ಸೋಲಿ ಅಂತ ಗೊತ್ತಾಗುತ್ತೆ. ಕಸ್ಸಾ ಹೊಲದ ಕೆಲಸದ ಲಯ. ಸೋಲಿ ಮುಂಜಿಯದು, ಅಂದರೆ ಸುನ್ನತಿಯ ಸಂದರ್ಭದ್ದು. ಡುನುನ್‌ಬಾ ಅನ್ನೋದು ಡ್ರಮ್ಮಿನ ಹೆಸರೂ ಹೌದು, ಗಟ್ಟಿಗ ಗಂಡಸರ ಕುಣಿತದ ಹೆಸರೂ ಹೌದು. ಅದರಲ್ಲೇ ಹತ್ತಾರು ಬಗೆ ಇವೆ. ಕುಕು ಹೇಳಿಕೊಡಿ ಅಂದಿದ್ದಕ್ಕೆ "ಅದು ನಮ್ಮದಲ್ಲ" ಅಂತ ಮುಗಿಸಿಬಿಟ್ಟರು.

ಮೃದಂಗವೋ ಕೊನ್ನಕ್ಕೋಲೋ ಕಲಿತವರಿಗೆ ಒಂದು ಮಾತು. ನಮಗೆ ತಾಳ ಹಾಕದೆ ಕೈ ಓಡಲ್ಲ. ಇಲ್ಲಿ ಆ ಲೆಕ್ಕ ಹೊಂದಲ್ಲ. ಎರಡು ಪೆಟ್ಟುಗಳ ನಡುವಿನ ಜಾಗ ತಿಶ್ರವೂ (ಮೂರರ ನಡೆ) ಅಲ್ಲ, ಚತುರಶ್ರವೂ (ನಾಲ್ಕರ ನಡೆ) ಅಲ್ಲ, ಎರಡರ ನಡುವೆ ಎಲ್ಲೋ ಇರುತ್ತೆ. ಬರೆದುಕೊಂಡು ಕಲಿತರೆ ನೆಟ್ಟಗೆ, ಸಪ್ಪಗೆ ಬರುತ್ತೆ. ಮೇಷ್ಟ್ರು ಎಣಿಸಲ್ಲ, ಬಾಯಲ್ಲಿ ಹೇಳುತ್ತಾರೆ, ಅದನ್ನೇ ಹಿಡಿದುಕೊಳ್ಳಬೇಕು. ಸಮ, ಅಂದರೆ ಆವರ್ತದ ಮೊದಲ ಪೆಟ್ಟು ಎಲ್ಲಿ ಅಂತ ನಾನು ಕೇಳುತ್ತಲೇ ಇದ್ದೆ. ಒಂದು ಸಂಜೆ ಕುಣಿಯುತ್ತಿದ್ದ ಹುಡುಗಿಯ ಕಾಲು ತೋರಿಸಿದರು. ಆಮೇಲೆ ನಾನು ಕೇಳಲಿಲ್ಲ, ಕಾಲು ನೋಡುತ್ತಿದ್ದೆ. ನೀವು ಕೂಡ ಕುಣಿತದ ಪಾಠಕ್ಕೂ ದುಡ್ಡು ಎತ್ತಿಡಿ, ನಾಚಿಕೊಳ್ಳಬೇಡಿ. ಒಂದೊಂದು ಡ್ರಮ್ಮನ್ನು ಬೇರೆ ಬೇರೆಯಾಗಿ, ಆಮೇಲೆ ಒಟ್ಟಿಗೆ ರೆಕಾರ್ಡ್ ಮಾಡಿಕೊಳ್ಳಿ, ಅವರ ಒಪ್ಪಿಗೆ ಕೇಳಿ ಮಾಡಿಕೊಳ್ಳಿ. ಹಬ್ಬಗಳಿಗೆ ಹೋಗುವಾಗ ಚಿಲ್ಲರೆ ನೋಟು ಜೇಬಲ್ಲಿರಲಿ. ನುಡಿಸುವವರಿಗೆ, ಕುಣಿಯುವವರಿಗೆ ಎಲ್ಲರೆದುರು ನೋಟು ಕೊಡೋದು ಅಲ್ಲಿಯ ರೀತಿ. ಬರಿಗೈಲಿ ನಿಂತು ವಿಡಿಯೋ ಮಾಡುವವರನ್ನು ಯಾರೂ ಇಷ್ಟಪಡಲ್ಲ.

ಕೈ ಊದುತ್ತೆ, ಬೊಬ್ಬೆ ಏಳುತ್ತೆ. ಅಲ್ಲಿ ಶಿಯಾ ಮರದ ಬೀಜದಿಂದ ತೆಗೆದ ಬೆಣ್ಣೆ ಅಗ್ಗ, ರಾತ್ರಿ ಹಚ್ಚಿಕೊಳ್ಳಿ. ತುಂಬಾ ಹೊತ್ತು ಜೋರಾಗಿ ಬಡಿದರೆ ಮೂತ್ರ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಬಹುದು. ಅಂಗೈಯಲ್ಲಿ ರಕ್ತಕಣ ಒಡೆಯುವುದರಿಂದ ಹಾಗಾಗುತ್ತೆ, ವೈದ್ಯರಿಗೆ ಗೊತ್ತಿರುವ ವಿಷಯವೇ. ಕಂಡರೆ ನುಡಿಸೋದು ನಿಲ್ಲಿಸಿ, ನೀರು ಕುಡಿಯಿರಿ, ಡಾಕ್ಟರಿಗೆ ತೋರಿಸಿ.

ಊಟದ ವಿಷಯಕ್ಕೆ ಬರೋಣ, ನನಗೆ ಬರೆಯೋಕೆ ಇಷ್ಟವಾದ ಭಾಗ. ಕೊನಾಕ್ರಿಯಲ್ಲಿ ವರ್ಕ್‌ಶಾಪ್‌ನವರ ಸ್ಪಗೆಟ್ಟಿ ತಿಂದು ಬೇಸತ್ತು ಹಿಂದಿನ ಓಣಿಗೆ ಹೋದೆ. ತಗಡಿನ ಮಾಡು, ಎರಡು ಬೆಂಚು, ಎರಡು ದೊಡ್ಡ ಅಲ್ಯೂಮಿನಿಯಂ ಪಾತ್ರೆ. ಹಿಂದೆ ಕೂತ ಹೆಂಗಸನ್ನು ಎಲ್ಲರೂ ತಾಂತಿ, ಅಂದರೆ ಆಂಟಿ ಅಂತ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ಗೆಣಸಿನ ಸೊಪ್ಪಿನ ಸಾಸ್. ಸೊಪ್ಪನ್ನು ಸಣ್ಣಗೆ ಹೆಚ್ಚಿ, ಕೆಂಪು ತಾಳೆ ಎಣ್ಣೆ, ಈರುಳ್ಳಿ, ಹೊಗೆಯಲ್ಲಿ ಒಣಗಿಸಿದ ಮೀನು ಹಾಕಿ ಎಣ್ಣೆ ಬಿಡುವವರೆಗೆ ಬೇಯಿಸುತ್ತಾರೆ. ನಮ್ಮ ಮಸ್ಸೊಪ್ಪಿಗೆ ಮೀನಿನ ಘಮ ಸೇರಿಸಿದರೆ ಹೇಗೋ ಹಾಗೆ. ಮೆಣಸಿನಕಾಯಿ ಬೇರೆಯಾಗಿ, ಇಡಿಯಾಗಿ ಬೆಂದದ್ದು ಅನ್ನದ ಮೇಲೆ. ನಾನು ಅದನ್ನು ಪೂರ್ತಿ ಹಿಸುಕಿ ಕಲಸಿಕೊಂಡದ್ದು ನೋಡಿ ಬೆಂಚಿನವರೆಲ್ಲ ಊಟ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಬೆವರಿದೆ, ಆದರೆ ಬಿಡಲಿಲ್ಲ. ಮಾರನೇ ದಿನದಿಂದ ಕೇಳದೆಯೇ ಎರಡು ಮೆಣಸಿನಕಾಯಿ ಬರುತ್ತಿದ್ದವು. ತಟ್ಟೆಗೆ ಹದಿನೈದು ಸಾವಿರ ಫ್ರಾಂಕ್, ತಳ ಹಿಡಿದ ಅನ್ನ ಕೇಳಿದರೆ ಅದು ಪುಕ್ಕಟೆ. ಮೂಲೆಯಲ್ಲಿ ಒಟ್ಟಿದ್ದ ಅಕ್ಕಿ ಚೀಲದ ಮೇಲೆ ಪ್ರಾಡಕ್ಟ್ ಆಫ್ ಇಂಡಿಯಾ ಅಂತ ಇತ್ತು. ಅದು ನಮ್ಮ ದೇಶದ್ದು ಅಂತ ತೋರಿಸಿದೆ. ತಾಂತಿ ನಂಬಲಿಲ್ಲ, ನಾನೇ ಅಕ್ಕಿ ವ್ಯಾಪಾರಿ ಅಂದುಕೊಂಡು ಚೀಲಕ್ಕೆ ರೇಟು ಕಡಿಮೆ ಮಾಡಿಸು ಅಂದರು. ಕಡಲೆಕಾಯಿ ಸಾಸ್ ಮಾಡಿದ ದಿನ ಹನ್ನೆರಡಕ್ಕೇ ಹೋಗಿ, ಒಂದಕ್ಕೆ ಪಾತ್ರೆ ಖಾಲಿ.

ಸಸ್ಯಾಹಾರಿಗಳಿಗೆ ಮಾತ್ರ ಕಷ್ಟ. ಮೀನು ಬೇಡ ಅಂದರೆ ತುಂಡು ಎತ್ತಿಟ್ಟು ಅದೇ ಸಾಸ್ ಬಡಿಸುತ್ತಾರೆ. ಬ್ರೆಡ್ಡು, ಅವಕಾಡೊ, ಕರಿದ ಬಾಳೆಕಾಯಿ, ಅಲಸಂದೆಯಂಥ ಕಾಳು, ಕಿತ್ತಳೆ ಇವುಗಳಲ್ಲೇ ದಿನ ದೂಡಬೇಕು. ಚಟ್ನಿಪುಡಿ ಒಯ್ಯಿರಿ.

ಯಾವಾಗ ಹೋಗಬೇಕು ಅನ್ನೋದು ಮುಖ್ಯ. ಜೂನ್‌ನಿಂದ ಅಕ್ಟೋಬರ್ ಬೇಡವೇ ಬೇಡ. ಜುಲೈ, ಆಗಸ್ಟ್ ಎರಡೇ ತಿಂಗಳಲ್ಲಿ ಕೊನಾಕ್ರಿಯಲ್ಲಿ ಎರಡು ಮೀಟರ್ ಹತ್ತಿರ ಮಳೆ ಬೀಳುತ್ತದೆ. ರಂಜಾನ್ ಕೂಡ ನೋಡಿಕೊಳ್ಳಿ. ಆ ತಿಂಗಳು ಮದುವೆ, ಕುಣಿತ ಏನೂ ಇರಲ್ಲ. 2026ರಲ್ಲಿ ಅದು ಫೆಬ್ರವರಿ ನಡುವೆ ಶುರು, ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತೆ. ಹಾಗಾಗಿ ಡಿಸೆಂಬರ್ ಒಳ್ಳೇದು. ಹಳದಿ ಜ್ವರದ ಲಸಿಕೆ ಹೊರಡೋಕೆ ಹತ್ತು ದಿನ ಮೊದಲಾದರೂ ಹಾಕಿಸಿಕೊಂಡಿರಬೇಕು. ಅದರ ಕಾರ್ಡ್ ಕಳೆದುಕೊಂಡರೆ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟ್‌ನಲ್ಲೇ ಕ್ವಾರಂಟೈನ್‌ಗೆ ಕಳಿಸುತ್ತಾರೆ. ಮಲೇರಿಯಾ ಮಾತ್ರೆ ತಪ್ಪಿಸಬೇಡಿ.

ಡ್ರಮ್ ತರುವುದಾದರೆ ಲೆಂಕೆ ಅನ್ನುವ ಗಟ್ಟಿ ಮರದ್ದು ತನ್ನಿ, ಆದರೆ ತೂಕ ನೋಡಿಕೊಂಡು. ಚೀಲ ಸೇರಿ ಹತ್ತು ಕೆಜಿ ದಾಟುತ್ತೆ, ವಿಮಾನದ ಲಗೇಜಿಗೆ ಕೊಡುವ ದುಡ್ಡು ಡ್ರಮ್ಮಿನ ಬೆಲೆಯನ್ನೇ ಮೀರಬಹುದು. ಅಲ್ಲಿಯೇ ಹಗ್ಗ ಸಡಿಲಿಸಿ ತನ್ನಿ. ಹಸಿ ಚರ್ಮ ಮಾತ್ರ ತರಬೇಡಿ. 2006ರಲ್ಲಿ ನ್ಯೂಯಾರ್ಕ್‌ನಲ್ಲಿ ಪಶ್ಚಿಮ ಆಫ್ರಿಕಾದಿಂದ ತಂದ ಆಡಿನ ಚರ್ಮ ಹೆರೆದ ಡ್ರಮ್ ತಯಾರಕರೊಬ್ಬರಿಗೆ ಆಂಥ್ರಾಕ್ಸ್ ತಗುಲಿತ್ತು. ಚರ್ಮ ಇಲ್ಲೇ, ತಮಟೆ ಕಟ್ಟುವವರ ಹತ್ತಿರ ವಿಚಾರಿಸಿ. ಸ್ವಲ್ಪ ತೆಳುವಾದದ್ದೇ ಬೇಕು ಅಂತ ಮೊದಲೇ ಹೇಳಿ.